ಬೆಳಗಿನ ರೈಲಿನಲ್ಲಿ ಮಾವನ ವ್ಯಾಪಾರ ಪಾಠ

ನಮ್ಮ ಸೋದರಮಾವ ಉರಿಗಾಂನ ಹುಡುಗ ಹುಡುಗಿಯರಿಗೆ ಸ್ವಂತ ಉದ್ಯಮ ಕಟ್ಟುವುದನ್ನು ಕಲಿಸುತ್ತಾರೆ. ಸ್ವತಃ ಅವರು ಒಂದು ಬೆಂಕಿಕಡ್ಡಿಯನ್ನೂ ಮಾರಿದವರಲ್ಲ! ಪತ್ರಿಕೆಯಲ್ಲಿ ಕೆಲಸ ಮಾಡುವ ನಾನು ಇದನ್ನು ವಿಚಾರಿಸಿಯೇ ಬರೆಯುತ್ತಿದ್ದೇನೆ. ನಿವೃತ್ತರಾದ ಮೇಲೆ ಬಂಗಾರಪೇಟೆಯಲ್ಲಿ ಪಾನಿಪುರಿ ಗಾಡಿ ಇಟ್ಟರು. ಬಂದವರಿಗೆಲ್ಲ "ಮೊದ್ಲು ರುಚಿ ನೋಡ್ರಪ್ಪ" ಎಂದರು. ಸಂಜೆಯೊಳಗೆ ಊರೆಲ್ಲ ರುಚಿ ನೋಡಿ ಮುಗಿಸಿತ್ತು. ಮಾರಲು ಏನೂ ಉಳಿದಿರಲಿಲ್ಲ!

ಚಿನ್ನದ ಗಣಿ ಮುಚ್ಚಿದ ನಮ್ಮ ಉರಿಗಾಂನಂಥ ಊರಿನಲ್ಲಿ ಕೆಲಸ ಹುಡುಕಬಾರದು, ಹುಟ್ಟಿಸಬೇಕು ಎಂಬುದು ಅವರ ವಾದ. ತರಗತಿ ಎಲ್ಲಿ ಅಂತೀರಿ? ನಾವೆಲ್ಲ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಬೆಳಗಿನ ರೈಲಿನಲ್ಲಿ! ವರ್ಷಗಟ್ಟಲೆ ಅದೇ ರೈಲಿನಲ್ಲಿ ಓಡಾಡಿ ನಿವೃತ್ತರಾದವರು ಈಗಲೂ ಹತ್ತುತ್ತಾರೆ, ಉಳಿದವರನ್ನು ಇಳಿಸುವುದಕ್ಕೆ! ಬಂಗಾರಪೇಟೆಯಲ್ಲಿ ಜನ ನುಗ್ಗುವಷ್ಟರಲ್ಲಿ ಪಾಠ ಮುಗಿಸಿ ವಾಪಸ್ಸು.

"ಯಜಮಾನ್ರೇ, ಒಸಿ ನಿದ್ದೆ ಮಾಡಾಕ್ ಬಿಡಿ," ಎಂದು ಒಬ್ಬ ಗೊಣಗಿದ.

"ಮಲಿಕ್ಕಳಪ್ಪ. ಕಡೇ ಬೆಂಚಿನೋರು ಮಲಗೋದು ಎಲ್ಲಾ ಇಸ್ಕೂಲ್ನಾಗೂ ಇದ್ದಿದ್ದೇ!"

ಅವರ ಮನೆಪಾಠವೂ ವಿಚಿತ್ರ. ತಾನು ಮಾರಬೇಕೆಂದಿರುವುದನ್ನು ಹೇಳಿ ಯಾರಿಂದಲಾದರೂ "ಬೇಡ" ಎನ್ನಿಸಿಕೊಂಡು, ಏಕೆ ಬೇಡ ಎಂದು ಕೇಳಿ ಬರಬೇಕು. ನೆಂಟರು ಹೇಳಿದ "ಬೇಡ" ನಡೆಯುವುದಿಲ್ಲ; ಅದು ಕೇಳದೆಯೇ ಸಿಗುತ್ತದಲ್ಲ!

ಶಿಷ್ಯರಲ್ಲಿ ಸೆಲ್ವಿ ಒಬ್ಬಳು, ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವಳು. ಅವಳ ಪುಟ್ಟ ಮಗಳು ಅಜ್ಜಿಯನ್ನೇ ಅಮ್ಮ ಎಂದು ಕರೆಯತೊಡಗಿದ್ದಳು. ಮನೆಯಲ್ಲೇ ಹೊಲಿಗೆ ಶುರು ಮಾಡಲು ಸೆಲ್ವಿಗೆ ಆಸೆ. ಗಿರಾಕಿ ಬರದಿದ್ದರೆ ಎಂಬ ಭಯ. ಸಹಪ್ರಯಾಣಿಕರನ್ನೇ ಕೇಳಿ ನೋಡಿದಳು.

"ಎಲ್ಲಾರೂ ಬೇಡ ಅಂದ್ರು ಮಾಮಾ."

"ಯಾಕಂತೆ?"

"ನೀನು ಅಂಗ್ಡಿ ತೆಗ್ಯೋ ಒತ್ಗೆ ನಾವು ರೈಲಲ್ಲಿರ್ತೀವಿ, ಮುಚ್ಚಿದ್ಮೇಲೆ ಬತ್ತೀವಿ, ಯಾವಾಗ ಕೊಡೋದು ಅಂತಾರೆ."

ಬಂಗಾರಪೇಟೆ ಹತ್ತಿರವಾಯಿತು. ಸೆಲ್ವಿ ಕೇಳಿದಳು: "ನಾನೇ ಪ್ಲಾಟ್‌ಫಾರಂಗೆ ಬಂದು ಬಟ್ಟೆ, ಅಳತೆ ರವಿಕೆ ಇಸ್ಕೊಂಡ್ರೆ?"

"ಮೊನ್ನೆಯಿಂದ ಅದ್ನೇ ಬಡ್ಕೊಂತಿದ್ದೀನಿ!" ಎಂದರು ಮಾವ. ಮೊನ್ನೆಯಿಂದ ಅವರು ಹೇಳುತ್ತಿದ್ದುದು ಅಣಬೆ ಬೇಸಾಯದ ಬಗ್ಗೆ.

ಕಳೆದ ತಿಂಗಳು ಸೆಲ್ವಿ ಕೆಲಸ ಬಿಟ್ಟಳು. ಮೊನ್ನೆ ಬೆಳಿಗ್ಗೆ ಉರಿಗಾಂ ಪ್ಲಾಟ್‌ಫಾರಂನಲ್ಲಿ ಹೊಲಿದ ರವಿಕೆಗಳನ್ನು ಕಿಟಕಿಯಿಂದ ಕಿಟಕಿಗೆ ಓಡಿ ಹಂಚುತ್ತಿದ್ದಳು. ಹಟ ಹಿಡಿದು ಜೊತೆಗೆ ಬಂದಿದ್ದ ಅವಳ ಮಗು ಮಾವನ ತೋಳಿನಲ್ಲಿತ್ತು, ಅವರ ಕನ್ನಡಕ ಎಳೆಯುತ್ತ ತಮಿಳು, ಕನ್ನಡ ಬೆರೆಸಿ ವಟಗುಟ್ಟುತ್ತಿತ್ತು. ರೈಲು ಕೂಗಿತು.

"ಮಾವ, ಹತ್ತಿ! ಪಾಠ?" ಎಂದೆ ಬಾಗಿಲಿನಿಂದ.

"ನೀನ್ ಓಗ್ಲಾ." ಅವರು ಮಗುವಿನಿಂದ ಕಣ್ಣು ತೆಗೆಯಲಿಲ್ಲ. "ನಮ್ಮ ಮಗ್ಳು ಪಾಪು ಆಗಿದ್ದಾಗ, ನಾನು ಕೆಲ್ಸಕ್ಕೆ ಓಗೋವಾಗ್ಲೂ ಮಲ್ಗಿರೋಳು, ಬರೋವಾಗ್ಲೂ ಮಲ್ಗಿರೋಳು. ಮಕ್ಳು ಇಷ್ಟೊಂದು ಮಾತಾಡ್ತವೇನ್ಲಾ?"