ಪೇಂಟ್ ಡಬ್ಬದ ಬಸಳೆ

ನಾನು ಅಜ್ಜನಾಗಿದ್ದೇನೆ. ಮೊದಲು ಇದನ್ನು ಹೇಳಿಬಿಡುತ್ತೇನೆ, ಆಮೇಲೆ ಬೇಕಾದರೆ ನೀವು ಓದುವುದನ್ನು ನಿಲ್ಲಿಸಿ. ನನ್ನ ಮಗ ಪ್ರವೀಣನಿಗೆ ಹೆಣ್ಣು ಮಗು! ಸುದ್ದಿ ಬಂದ ದಿನ ನಮ್ಮ ಮುಲುಂಡ್ ಬಿಲ್ಡಿಂಗಿನ ವಾಚ್‌ಮನ್‌ಗೆ ಹೇಳಿದೆ, ಹಾಲಿನವನಿಗೆ ಹೇಳಿದೆ, ಲಿಫ್ಟಿನಲ್ಲಿ ಸಿಕ್ಕಿದ ಗುರುತಿಲ್ಲದ ಒಬ್ಬರಿಗೂ ಹೇಳಿದೆ. ಅವರು ನಕ್ಕು, ತಮ್ಮ ಮಹಡಿ ಬರುವ ಮೊದಲೇ ಇಳಿದುಹೋದರು. ಈ ಊರಿನಲ್ಲಿ ದುಃಖ ಹೇಳಿಕೊಂಡರೆ ಯಾರಾದರೂ ಒಂದು ನಿಮಿಷ ನಿಂತಾರು, ಸಂತೋಷ ಹೇಳಿಕೊಂಡರೆ ತಲೆ ಸರಿಯಿಲ್ಲವೆಂದೇ ತಿಳಿಯುತ್ತಾರೆ.

ಸಂತೋಷವೇನೋ ಎದೆ ತುಂಬಿ ಹರಿಯುತ್ತಿತ್ತು, ಆದರೆ ಅದನ್ನು ಇಟ್ಟುಕೊಳ್ಳಲು ಜಾಗವಿರಲಿಲ್ಲ. ಸೊಸೆ ನಿಶಾ ಬಾಣಂತನಕ್ಕೆ ಬೊರಿವಲಿಯ ತಾಯಿಮನೆಯಲ್ಲಿದ್ದಳು. ಲೋಕಲ್‌ನಲ್ಲಿ ದಾದರ್‌ಗೆ ಹೋಗಿ, ಗಾಡಿ ಬದಲಿಸಿ, ಬೆವರಿನಲ್ಲಿ ನೆಂದು ಅಲ್ಲಿ ಮುಟ್ಟಿದರೆ ಮಗು ಪ್ರತಿ ಸಲವೂ ನಿದ್ದೆ. "ಎಬ್ಬಿಸಬೇಡಿ" ಎನ್ನುತ್ತಿದ್ದರು ಬೀಗರು. ಬೆಳ್ಳಿಯ ತೊಟ್ಟಿಲು ಅವರದು. ಮೂರನೇ ತಿಂಗಳಿಗೆ ಇಟ್ಟುಕೊಂಡ ನಾಮಕರಣಕ್ಕೆ ಕೇಟರರ್, ಫೋಟೋದವನು ಎಲ್ಲ ಪ್ರವೀಣನದು. ಎಣ್ಣೆ, ಸಾಂಬ್ರಾಣಿ, ಕಷಾಯ ನನ್ನ ಹೆಂಡತಿ ಸುಂದರಿಯದು. ನನ್ನದೇನು ಎಂದು ಕೇಳಿದರೆ "ನೀವು ಆರಾಮ ಕೂತ್ಕೊಳ್ಳಿ" ಎಂಬ ಒಂದೇ ಉತ್ತರ. ಆರಾಮ ಕೂತುಕೊಳ್ಳುವುದನ್ನು ನನಗೆ ಯಾರೂ ಕಲಿಸಿಲ್ಲ. ನಾನು ಕಲಿತದ್ದು ನೈಟ್ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸು, ಹೋಟೆಲಿನ ಕಾವಲಿಯ ಮುಂದೆ ದೋಸೆ, ಅಷ್ಟೇ. ಅದಕ್ಕೇ ನಿಶ್ಚಯ ಮಾಡಿದೆ: ನಾಮಕರಣದ ದಿನ ಮನೆಯವರ ಊಟದಲ್ಲಿ ಒಂದು ಪದಾರ್ಥವಾದರೂ ನನ್ನ ಕೈಯಲ್ಲಿ ಬೆಳೆದದ್ದು ಇರಬೇಕು. ನಮ್ಮ ಉಡುಪಿ ಕಡೆಯವರಿಗೆ ಬಿಸಿಲು ಕಾಲವೆಂದರೆ ಬಸಳೆ. ಬಸಳೆಯನ್ನೇ ಬೆಳೆಸುವುದೆಂದಾಯಿತು.

ಮಾರ್ಕೆಟಿನಿಂದ ಕಟ್ಟು ತಂದು ದಪ್ಪ ದಂಟುಗಳನ್ನು ಆರಿಸಿದೆ. ಹಳೆಯ ಪೇಂಟ್ ಡಬ್ಬಕ್ಕೆ ತೂತು ಹೊಡೆದೆ. ಮಣ್ಣಿಗೆ ನರ್ಸರಿಗೆ ಹೋದರೆ ಅವನು ತೆಂಗಿನ ನಾರಿನ ಪುಡಿ ಕೊಟ್ಟು, "ಅಂಕಲ್, ಮಿಟ್ಟಿ ಸೆ ಭೀ ಅಚ್ಛಾ ಹೈ" ಎಂದ. ಮಣ್ಣಿಗಿಂತ ಒಳ್ಳೆಯದಂತೆ! ತೆಂಗಿನ ಮರದ ಕೆಳಗೆ ಹುಟ್ಟಿದವನಿಗೆ ತೆಂಗಿನ ನಾರನ್ನೇ ಚೀಲದಲ್ಲಿ ಹಾಕಿ ಮಾರುವ ಊರು ಇದು. ಗಿಡಕ್ಕೆ ಬೂದಿ ಬೇಕಲ್ಲ, ಪಾವ್ ಸುಡುವ ಬೇಕರಿಯವನನ್ನು ಕಾಡಿಬೇಡಿ ಭಟ್ಟಿಯ ಬೂದಿ ತಂದೆ. ನಲ್ಲಿಯಲ್ಲಿ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಹಾಗಾಗಿ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಎಲ್ಲ ಡಬ್ಬಕ್ಕೆ. ಸುಂದರಿ ಬಂಗುಡೆ ತೊಳೆದ ನೀರನ್ನೂ ಬಿಡಲಿಲ್ಲ. ಬಸಳೆಗೆ ಮೀನಿನ ನೀರು ಹಾಕುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಬಳ್ಳಿ ಹೇಗೆ ಎದ್ದಿತೆಂದರೆ, ಕಿಟಕಿಯ ಗ್ರಿಲ್ ಪೂರ್ತಿ ಹಸಿರಾಯಿತು.

ಆದರೆ ಡಬ್ಬದ ತೂತು ಕೆಳಗಿರುತ್ತದೆ, ಅದರ ಕೆಳಗೆ ಜಯಾಬೆನ್ ಇರುತ್ತಾರೆ. ಗುಜರಾತಿನವರು, ಈರುಳ್ಳಿಯನ್ನೂ ಮುಟ್ಟದ ಮನೆ. ಬೇಸಿಗೆಯಲ್ಲಿ ಅವರು ಮಾವಿನಕಾಯಿ ತುರಿದು, ಸಕ್ಕರೆ ಬೆರೆಸಿ, ಭರಣಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ ತಮ್ಮ ಗ್ರಿಲ್‌ನಲ್ಲಿ ಬಿಸಿಲಿಗಿಡುತ್ತಾರೆ. ನನ್ನ ಬಂಗುಡೆ ನೀರು ಒಂದು ದಿನ ಆ ಬಟ್ಟೆಯ ಮೂಲಕ ಸೋಸಿ ಒಳಗಿಳಿಯಿತು.

ಅವರು ಭರಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲಿಗೆ ಬಂದರು. "ಭಾಯಿಸಾಬ್, ಯೇ ಸೂಂಘೋ!" ಎಂದು ಮೂಗಿನ ಹತ್ತಿರ ಹಿಡಿದರು.

ನಾನು ಮೂಸಿದೆ. ನನಗೆ ಹಸಿವಾಯಿತು.

ಸಂಜೆ ಪ್ರವೀಣ ಶೂ ಬಿಚ್ಚುವ ಮೊದಲೇ ಶುರು ಮಾಡಿದ. "ಪಪ್ಪಾ, ಬಿಲ್ಡಿಂಗಿನ ಸೆಕ್ರೆಟರಿ ಫೋನ್ ಮಾಡಿದ್ರು. ಗ್ರಿಲ್‌ನಿಂದ ಇವತ್ತೇ ತೆಗೀಬೇಕಂತೆ. ಬಸಳೆ ಬೇಕಿದ್ರೆ ಆನ್‌ಲೈನ್ ಸಿಗ್ತದೆ, ಟೆನ್ ಮಿನಿಟ್ಸ್‌ನಲ್ಲಿ ಬರ್ತದೆ."

ಹತ್ತು ನಿಮಿಷದಲ್ಲಿ ಬರುವುದನ್ನು ಮೊಮ್ಮಗಳಿಗೆ ಕೊಡಲು ಅಜ್ಜ ಯಾಕೆ ಬೇಕು? ಆದರೆ ಫ್ಲಾಟು ಮಗನದು, ಗ್ರಿಲ್ ಮಗನದು. ಡಬ್ಬ ಹೊತ್ತು ಟೆರೇಸಿಗೆ ಹೋದೆ.

ಟೆರೇಸಿನ ಸಿಮೆಂಟಿನಲ್ಲಿ ಮಧ್ಯಾಹ್ನ ದೋಸೆ ಹುಯ್ಯಬಹುದು. ಎಲೆಗಳೆಲ್ಲ ಜೋತುಬಿದ್ದವು. ನಾನು ಮಳೆಗಾಲದ ಕೊಡೆ ಬಿಡಿಸಿ ಡಬ್ಬದ ಮೇಲೆ ಹಿಡಿದು ಕೂತೆ. ಕೊಡೆಯ ನೆರಳು ಇಬ್ಬರಿಗೆ ಸಾಲದು, ಹಾಗಾಗಿ ಬಿಸಿಲು ನನಗೆ. ಒಣಬಟ್ಟೆ ತೆಗೆಯಲು ಬಂದವರು ನನ್ನನ್ನು ನೋಡಿ ಬಟ್ಟೆ ಬಿಟ್ಟು ಇಳಿದರು. ಸುಂದರಿ ಮಜ್ಜಿಗೆ ತಂದುಕೊಟ್ಟು, "ನನಗೆ ಒಂದು ದಿನ ಕೊಡೆ ಹಿಡಿದದ್ದುಂಟಾ ನೀವು? ಆ ಬಸಳೆಯನ್ನೇ ಮದುವೆ ಆಗ್ಬಹುದಿತ್ತು ಮಾರಾಯ್ರೆ" ಎಂದಳು. ಗಿಡವಂತೂ ಬದುಕಿತು. ತುದಿಯಿಂದ ಗೇಣುದ್ದ ಚಿವುಟುತ್ತ ಹೋದರೆ ಮಳೆ ಬರುವ ತನಕ ವಾರ ವಾರ ಮೊಮ್ಮಗಳ ಮನೆಯಲ್ಲಿ ಬಸಳೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ನಾಮಕರಣದ ದಿನ ಬಂತು, ನಮ್ಮ ಫ್ಲಾಟಿನಲ್ಲೇ. ಬೆಳಿಗ್ಗೆ ಬಾಳೆಎಲೆಗೆಂದು ಸ್ಟೇಷನ್ ಮಾರ್ಕೆಟಿಗೆ ಹೋಗಿ ಬಂದರೆ ಬಾಗಿಲಲ್ಲೇ ಪ್ರವೀಣ. ಹೊಸ ಕುರ್ತಾದ ತುಂಬ ನಾರಿನ ಪುಡಿ, ಮುಖದ ತುಂಬ ನಗು.

"ಪಪ್ಪಾ, ನಿಮ್ಮ ಮಂಡಿ ನೋವಲ್ವಾ, ನಾನೇ ಮೇಲೆ ಹೋಗಿ ತಂದೆ. ಫುಲ್ ತಂದಿದೀನಿ! ಒಂದು ಎಲೆ ಬಿಟ್ಟಿಲ್ಲ."

ಬಿಟ್ಟಿರಲಿಲ್ಲ. ಬಾಗಿಲ ಹಿಂದೆ ಬಸಳೆಯ ಬೇರು ಬಿದ್ದಿತ್ತು, ಡಬ್ಬದ ಆಕಾರಕ್ಕೇ ನಾರಿನ ಪುಡಿ ಹಿಡಿದುಕೊಂಡು.

"ಬೇರು ಯಾಕೆ ಕಿತ್ತೆ ಮಗಾ?"

"ಮತ್ತೆ? ಮೇಥಿ, ಪಾಲಕ್ ಎಲ್ಲ ಬೇರಿನ ಜೊತೆನೇ ಬರ್ತದಲ್ಲ ಮಾರ್ಕೆಟಲ್ಲಿ."

ಒಂದೇ ಕೋಣೆಯ ಚಾಳಿನಲ್ಲಿ ಹುಟ್ಟಿ ಬಿಲ್ಡಿಂಗಿನಲ್ಲಿ ಬೆಳೆದವನು. ಸೊಪ್ಪೆಂಬುದು ಕಟ್ಟು ಕಟ್ಟಿಸಿಕೊಂಡೇ ಹುಟ್ಟುತ್ತದೆಂದು ಅವನು ತಿಳಿದದ್ದರಲ್ಲಿ ತಪ್ಪೇನು? ಒಂದು ದಂಟಾದರೂ ಸಿಕ್ಕರೆ ಮತ್ತೆ ಊರೋಣವೆಂದು ಅಡುಗೆಮನೆಗೆ ಓಡಿದೆ. ಸುಂದರಿ ಅಷ್ಟನ್ನೂ ಬೆರಳುದ್ದ ಹೆಚ್ಚಿ ಹೆಸರುಕಾಳಿನ ಜೊತೆ ಬೇಯಲು ಇಟ್ಟಾಗಿತ್ತು. "ದಂಟು ಬೇಕಿದ್ರೆ ಮೊದಲೇ ಹೇಳ್ಬೇಕಿತ್ತಪ್ಪ" ಎಂದಳು. ಇನ್ನು ಹೊಸ ದಂಟು ತಂದು ನೆಟ್ಟರೂ ಅದು ಏಳುವಷ್ಟರಲ್ಲಿ ಮಳೆ ಹಿಡಿದು ಕೊಳೆಯುವುದೇ. ನಾನು ಮುಖ ತೊಳೆಯಲು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿದೆ. ನೀರು ಹೋಗಿತ್ತು. ಒಣ ಮುಖವನ್ನೇ ಒರೆಸಿಕೊಂಡು ಹೊರಗೆ ಬಂದೆ.

ಮಗುವಿಗೆ ಇರಾ ಎಂದು ಹೆಸರಿಟ್ಟರು. ಕರೆಯಲು ಬಾಯಿ ತೆರೆಯುವಷ್ಟರಲ್ಲಿ ಮುಗಿದುಹೋಗುವ ಹೆಸರು, ಆದರೂ ನಾನು ದಿನವಿಡೀ ಕರೆದೆ. ಮಧ್ಯಾಹ್ನ ಬಂದವರೆಲ್ಲ ಕೇಟರರ್‌ನ ಪನೀರ್ ತಿಂದು, ಹೊಗಳಿ ಹೋದರು. ಸಂಜೆ ನಾವು, ಬೊರಿವಲಿಯ ಬೀಗರು, ಬೀಗಿತ್ತಿ ಮಾತ್ರ ಉಳಿದೆವು. ಹಾಲ್‌ನಲ್ಲಿ ಚಾಪೆ ಹಾಸಿ ಎಲ್ಲರೂ ಕೂತೆವು. ಇರಾ ನನ್ನ ತೊಡೆಯ ಮೇಲೆ, ಮೊದಲ ಸಲ ಕಣ್ಣು ಬಿಟ್ಟುಕೊಂಡು. ಸುಂದರಿ ಕುಚ್ಚಲಕ್ಕಿ ಅನ್ನಕ್ಕೆ ಬಸಳೆ ಬಡಿಸಿದಳು. ಎಲ್ಲರಿಗೂ ಆಗಲಿ, ನನಗೆ ಕೊನೆಗೆ ಎಂದೆ.

ಬೀಗರು ಎರಡು ತುತ್ತು ತಿಂದು ತಲೆಯೆತ್ತಿದರು. "ಪಷ್ಟಾಗಿದೆ! ಯಾವ ಮಾರ್ಕೆಟಿಂದು?"

ಪ್ರವೀಣನೇ ಹೇಳಿದ, "ಮಾರ್ಕೆಟಿಂದಲ್ಲ. ಪಪ್ಪಾ ಇರಾಗೋಸ್ಕರ ಬೆಳೆಸಿದ್ದು. ಬಿಸಿಲಲ್ಲಿ ಕೊಡೆ ಹಿಡ್ಕೊಂಡು ಕೂತಿರ್ತಿದ್ರು."

ಕೊಡೆಯ ವಿಷಯ ಅವನಿಗೆ ಗೊತ್ತಿತ್ತೆಂದು ನನಗೆ ಗೊತ್ತಿರಲಿಲ್ಲ.

"ಹೌದಾ?" ಎಂದಳು ನಿಶಾ. "ಹಾಗಾದ್ರೆ ನೆಕ್ಸ್ಟ್ ಸಂಡೇನೂ ಮಾಡೋಣ ಪಪ್ಪಾ!"

"ಮಾಡೋಣಮ್ಮ, ಮಾಡೋಣ" ಎಂದೆ. ಇಷ್ಟು ಸುಲಭವಾಗಿ ಸುಳ್ಳು ನನ್ನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ. ಆಮೇಲೆ ಬೀಗರು "ಹೇಗೆ ಬೆಳೆಸಿದ್ರಿ?" ಎಂದು ಒಂದು ಮಾತು ಕೇಳಿದರು ನೋಡಿ, ನಾನು ಅನ್ನ ಬಿಟ್ಟು ಹೇಳತೊಡಗಿದೆ. ದಂಟು, ತೂತು, ಬೂದಿ, ಬಂಗುಡೆ ನೀರು, ಜಯಾಬೆನ್, ಟೆರೇಸು, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ಬಡಿಸಿಕೊಳ್ಳಲು ಕೈ ಚಾಚಿದರೆ ಪಾತ್ರೆ ಬರಿದು. ಹೊಗಳುತ್ತ ಹೊಗಳುತ್ತ ಎಲ್ಲರೂ ತಿಂದು ಮುಗಿಸಿದ್ದರು. ಸುಂದರಿ ತಳ ಕೆರೆದು ನನ್ನ ಎಲೆಗೆ ಒಂದಿಷ್ಟು ಸಾರು, ಒಂದೇ ಒಂದು ದಂಟು ಹಾಕಿದಳು. ಅದನ್ನು ಅವರೆಲ್ಲರ ನಡುವೆ ಕೂತು ಬಹಳ ಹೊತ್ತು ಅಗಿದೆ.