ಕೆಂಭಾವಿಯಲ್ಲಿ ನಾನು ಕೇಳಿದ್ದು

ನನ್ನ ನೆನಪಿನ ಮೇಲೆ ನನಗೀಗ ಗುಮಾನಿ. ಮರೆತರೆ ಸಹಿಸಬಹುದಿತ್ತು, ಅದು ಮರೆಯುವುದಿಲ್ಲ, ತಿದ್ದುತ್ತದೆ, ಅದೂ ಪ್ರತಿಸಲ ನನಗೆ ಅನುಕೂಲವಾಗುವಂತೆ. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಸಂಶಯಿಸಲು ಕಲಿತು ಬಂದವನು ನನ್ನೊಬ್ಬನನ್ನು ಮಾತ್ರ ಬಿಟ್ಟಿದ್ದೆ.

ಎಚ್‌ಐವಿ ತಡೆಯ ಬಗ್ಗೆ ಯಾದಗಿರಿ, ಶಹಾಪುರ, ಸುರಪುರದ ಕಡೆ ಊರೂರಿಗೆ ಹೋಗಿ ಮಾತಾಡುವುದು ನನ್ನ ಕೆಲಸ. ಮೈಕಿನ ಮುಂದೆ ‘ಕಾಂಡೋಮ್’ ಎಂಬ ಶಬ್ದವನ್ನು ಉಪ್ಪು, ಬೆಲ್ಲ ಎಂಬಷ್ಟು ಸಲೀಸಾಗಿ ಹೇಳುತ್ತೇನೆ. ಜೊತೆಗೆ ಒಂದು ಕಥೆ. ಕೆಂಭಾವಿ ಸಂತೆಯ ದಿನ ಔಷಧಿ ಅಂಗಡಿಯಲ್ಲಿ ಕಾಂಡೋಮ್ ಕೇಳಲಾರದೆ ನಿಂತಿದ್ದ ಹೆಣ್ಣುಮಗಳೊಬ್ಬಳಿಗೆ ನಾನು ಎಲ್ಲರೆದುರು ಗಟ್ಟಿಯಾಗಿ ಕೇಳಿ ಕೊಡಿಸಿದ್ದು. ಚಪ್ಪಾಳೆ ಬೀಳುವ ಜಾಗ ಅದು.

ಕೆಲವು ತಿಂಗಳ ಹಿಂದೆ ಸುರಪುರದಲ್ಲೂ ಬಿತ್ತು. ಜನ ಚಹಾದ ಕಡೆ ಹೋದ ಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಎದ್ದು ಬಂದಳು. "ಗುರ್ತು ಸಿಗಲಿಲ್ಲೇನ್ರಿ ಸರ? ಆ ಅಂಗಡ್ಯಾಗ ನಿಂತಾಕಿ ನಾನ."

ಆಕೆಯ ಗಂಡ ಲಾರಿ ಓಡಿಸುವವನು. ಅವನಿಗೆ ಸೋಂಕಿದೆ, ಗುಳಿಗೆ ನಡೆದಿದೆ, ಈಕೆಗೆ ತಗುಲಿಲ್ಲ. ತಗುಲದಂತೆ ನೋಡಿಕೊಳ್ಳುವ ಕೆಲಸವೂ ಈಕೆಯದೇ. ಅಂದು ಆಸ್ಪತ್ರೆಯಲ್ಲಿ ಪುಕ್ಕಟೆ ಕಾಂಡೋಮ್ ಇಡುವ ಡಬ್ಬಿ ಖಾಲಿ ಇದ್ದುದರಿಂದ, ನನ್ನ ಭಾಷಣ ಕೇಳಿದ ಧೈರ್ಯದಲ್ಲೇ ಅಂಗಡಿಗೆ ಹೋಗಿದ್ದಳು.

"ಅಂಗಡ್ಯಾವ ‘ಗಂಡನ್ನ ಕಳಸವ್ವಾ’ ಅಂದ. ನಾ ನಿಮ್ಮ ಮಾರಿ ನೋಡ್ದೆ."

"ನಾನು ಕೇಳಿದೆನಲ್ಲವ್ವಾ?"

"ಕೇಳಿದ್ರಿ. ತಲಿನೋವಿನ ಗುಳಿಗಿ."

ಥಟ್ಟನೆ ಎಲ್ಲ ಕಣ್ಣಮುಂದೆ ಬಂತು. ಪಕ್ಕದಲ್ಲೇ ಸಗರ ಊರಿನ, ನನಗೆ ಹೆಣ್ಣುಕೊಟ್ಟ ಮಾವ, ಹಣೆತುಂಬ ವಿಭೂತಿ, ಕೈಯಲ್ಲಿ ಕೆಮ್ಮಿನ ಔಷಧಿ. ಸಂತೆಯಲ್ಲಿ ಸಿಕ್ಕವರ ಕೈಚೀಲ ಬಿಚ್ಚಿ ನೋಡುವುದು ನಮ್ಮ ಕಡೆ ಕ್ಷೇಮ ವಿಚಾರಿಸುವ ರೀತಿ. "ಅಳಿಯಂದಿರು ಏನು ತಗೊಳ್ಳಾಕತ್ತೀರಿ?" ಎಂದು ಮಾವ ಚೀಲಕ್ಕೆ ಕೈ ಹಾಕಿದ್ದರು.

"ಮತ್ತೆ ನಿನಗೆ ಕೊಡಿಸಿದವರು ಯಾರು?"

"ಯಾರು ಕೊಡಸ್ತಾರ? ನಾನ ಅಂದೆ, ‘ಗಂಡ ಲಾರಿ ಮ್ಯಾಲ ಹೋಗ್ಯಾನ, ರೋಗ ಬಂದ್ರ ನನಗ ಬರ್ತೈತಿ, ಕೊಡೋ ಅಣ್ಣಾ’ ಅಂತ. ಕೊಟ್ಟ. ಆ ವಿಭೂತಿ ಮುತ್ಯಾನೂ ‘ಕೊಡಪಾ, ಆಕೀದು ಖರೇ ಐತಿ’ ಅಂದ." ಸೆರಗು ಸರಿಮಾಡಿಕೊಂಡಳು. "ಮೊನ್ನೆ ಮತ್ತ ರಕ್ತಾ ತೋರಿಸೀನ್ರಿ. ಏನೂ ಇಲ್ಲ ಅಂದಾರ. ನಿಮ್ಮ ತಲಿನೋವು ಹೆಂಗೈತ್ರಿ?"

ಈಗ ಕಥೆಯನ್ನು ನಡೆದ ಹಾಗೆಯೇ ಹೇಳುತ್ತೇನೆ. ಚಪ್ಪಾಳೆ ಮೊದಲಿಗಿಂತ ಜೋರು. ಆದರೆ ಇತ್ತೀಚೆಗೆ, ಆಕೆಗೆ ತಾನಾಗಿ ಧೈರ್ಯ ಬರಲಿ ಎಂದೇ ನಾನು ಅಂದು ಸುಮ್ಮನಿದ್ದೆ ಎಂಬುದೂ ನನಗೆ ಸ್ಪಷ್ಟವಾಗಿ ನೆನಪಾಗತೊಡಗಿದೆ.