ಐನೂರು ಡಿಸ್ಕಿನಲ್ಲಿ ಯಜಮಾನರ ದನಿ

ಅಂಗೈಯಗಲದ ಒಂದು ಡಿಸ್ಕಿನ ಪ್ರತಿ ಮಾಡಿಸಲು ಇಷ್ಟೊಂದು ದಾರಿಗಳಿವೆ ಅಂತ ಮೊದಲೇ ಗೊತ್ತಿದ್ದರೆ ನಾನು ಆ ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಹತ್ತುತ್ತಿದ್ದೆ. ಆದರೆ ಒಂದು ಚೊಂಬು ನೀರು ಕುಡಿದು ಹತ್ತುತ್ತಿದ್ದೆ.

ವಿಷಯ ಇಷ್ಟು. ನಮ್ಮ ಯಜಮಾನರು ತೀರಿಹೋಗಿ ಮೂರು ವರ್ಷ ನಾಲ್ಕು ತಿಂಗಳಾಯಿತು. ಅವರು ಪ್ರೆಸ್ಸಿನಲ್ಲಿ ಮೆಷಿನ್ ಓಡಿಸುತ್ತಿದ್ದರು. ನಾನು ಅದೇ ಪ್ರೆಸ್ಸಿನಲ್ಲಿ ಅಚ್ಚಾಗಿ ಬಂದ ಹಾಳೆ ಮಡಚುತ್ತಿದ್ದೆ. (ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದುವ ನನ್ನ ಕೈ ದಾಟಿ ಎಷ್ಟು ಲಕ್ಷ ಪುಟ ಹೋಗಿವೆಯೋ! ಮಡಚುವ ಬದಲು ಓದಿದ್ದರೆ ಇಷ್ಟು ಹೊತ್ತಿಗೆ ಮಹಾ ಪಂಡಿತೆ ಆಗಿರುತ್ತಿದ್ದೆ, ಸಂಬಳ ಮಾತ್ರ ಬರುತ್ತಿರಲಿಲ್ಲ.) ಅವರು ಹೋಗುವುದಕ್ಕೆ ಒಂದು ವರ್ಷ ಮುಂಚೆ, ಒಂದು ದಿನ ಊಟವಾದ ಮೇಲೆ ಸೊಸೆ ಅವರ ಮಂಚದ ಪಕ್ಕ ಪುಟ್ಟದೊಂದು ಯಂತ್ರ ಇಟ್ಟಳು. "ಮಾವ, ನಿಮ್ಮ ಕಥೆ ಹೇಳ್ತಾ ಹೋಗಿ. ಇದು ಕೇಳಿಸ್ಕೊಳ್ಳುತ್ತೆ" ಅಂತ ಗುಂಡಿ ಒತ್ತಿ ತನ್ನ ಕೆಲಸಕ್ಕೆ ಹೋದಳು. ಆಮೇಲೆ ಅದನ್ನೊಂದು ಡಿಸ್ಕಿಗೆ ತುಂಬಿಸಿ ಕೊಟ್ಟಳು. ಐವತ್ತೆರಡು ನಿಮಿಷ.

ಅವರು ಹೋದ ಮೇಲೆ ಅದನ್ನು ಒಂದೇ ಒಂದು ಸಲ ಹಾಕಿದೆವು. "ನಾನು ಕೆಲಸಕ್ಕೆ ಸೇರಿದ್ದು" ಅಂತ ಶುರುವಾಯಿತು. ಮುಂದೆ "ಸೇರಿದ್ದು, ಸೇರಿದ್ದು, ಸೇರಿದ್ದು" ಅಂತ ಅಲ್ಲೇ ಸಿಕ್ಕಿಹಾಕಿಕೊಂಡಿತು. ನಾನು ಓಡಿಹೋಗಿ ಪ್ಲಗ್ಗೇ ಕಿತ್ತುಬಿಟ್ಟೆ. ಡಿಸ್ಕಿನ ಮೈಮೇಲೆ ಒಂದು ಗೀರು ಬಿದ್ದಿತ್ತು. ಸೊಸೆಯ ಆ ಪುಟ್ಟ ಯಂತ್ರವೋ, ಅಷ್ಟರಲ್ಲಿ ಕೆಟ್ಟು ಮೂಲೆ ಸೇರಿತ್ತು. ಉಳಿದದ್ದು ಇದೊಂದೇ. ಹಳೇ ಸೀರೆಯ ಮೆತ್ತನೆ ತುಂಡಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟೆ. ಇನ್ನೊಮ್ಮೆ ಹಾಕಿದರೆ ಇನ್ನಷ್ಟು ಸವೆದುಹೋದರೆ?

ಈಚೆಗೆ ನನಗೊಂದು ಭಯ ಹಿಡಿದಿತ್ತು. ಯಾರಿಗೂ ಹೇಳಿರಲಿಲ್ಲ. ಅವರು ಆಡಿದ ಮಾತೆಲ್ಲ ನನಗೆ ನೆನಪಿದೆ, ಯಾವ ವಾರ ಆಡಿದ್ದು ಎಂಬುದು ಕೂಡ. ದನಿ ಮಾತ್ರ ನೆನಪಿಗೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿ ಅವರನ್ನು ಮಾತಾಡಿಸಿದರೆ ತುಟಿ ಅವರದು ಅಲ್ಲಾಡುತ್ತದೆ, ಕೇಳಿಸುವ ದನಿ ನನ್ನದೇ. ಇದು ಹೀಗೇ ಬಿಟ್ಟರೆ ಆಗುವುದಿಲ್ಲ ಅಂತ ಟ್ರಂಕು ತೆಗೆದೆ.

ಡಿಸ್ಕ್ ಅಂಗಡಿಯವರು ದಪ್ಪ ಕನ್ನಡಕದ ಸಾವಧಾನದ ಮನುಷ್ಯ. ಗೀರನ್ನು ಬೆಳಕಿಗೆ ಹಿಡಿದು ನೋಡಿದರು. ನಯವಾಗಿ ಉಜ್ಜಿ ತೆಗೆದು, ತಮ್ಮ ಯಂತ್ರಕ್ಕೆ ಹಾಕಿ, "ಪೂರ್ತಿ ಬಂತಮ್ಮ. ಬೇರೆಯವರ ಮನೆ ಮಾತು ನಾನು ಕೂತು ಕೇಳೋದಿಲ್ಲ. ಆದ್ರೆ ದನಿ ಮಾತ್ರ ಬಹಳ ಗಟ್ಟಿಯಾಗಿದೆ" ಅಂದರು. ನನಗೆ ಹೆಮ್ಮೆಯಾಯಿತು. ಎಪ್ಪತ್ತೆರಡನೇ ವಯಸ್ಸಿನಲ್ಲೂ ಗಟ್ಟಿ ದನಿ!

"ಪ್ರತಿ ಎಷ್ಟು ಬೇಕು? ಕಮ್ಮಿ ಸಾಕು ಅಂದ್ರೆ ಖಾಲಿ ಡಿಸ್ಕಿನ ಮೇಲೆ ಬೆಳಕಿನಲ್ಲಿ ಸುಟ್ಟು ಬರೀತೀವಿ. ಬಿಸಿಲಿಗೆ ಬಿದ್ರೆ ಕಾಲಕ್ರಮೇಣ ಮಾಸಬಹುದು. ಇಲ್ಲಾಂದ್ರೆ ಇದರಿಂದ ಲೋಹದ ಅಚ್ಚು ಮಾಡಿ, ಅದರಿಂದ ಒಂದೊಂದೇ ಒತ್ತಿ ತೆಗೆಯೋದು. ಅದು ಬಹಳ ಬಾಳಿಕೆ. ಆದ್ರೆ ಐನೂರಕ್ಕಿಂತ ಕಮ್ಮಿ ಒತ್ತೋದಿಲ್ಲ."

"ಅಚ್ಚೇ ಮಾಡಿ" ಅಂದೆ. ಅಚ್ಚು ಅನ್ನುವ ಮಾತು ಕೇಳಿದ ಮೇಲೆ ಪ್ರೆಸ್ಸಿನವಳು ಬೇರೆ ಏನು ಹೇಳಿಯಾಳು?

ಮನೆಯಲ್ಲಿ ಸೊಸೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಐನೂರಾ? ಅತ್ತೆ, ನಮ್ಮ ನೆಂಟರು, ನಿಮ್ಮ ಪ್ರೆಸ್ಸಿನವರು, ಅಕ್ಕಪಕ್ಕದವರು, ನಮ್ಮನ್ನ ಕಂಡ್ರೆ ಆಗದವರು, ಎಲ್ಲರನ್ನೂ ಸೇರಿಸಿದ್ರೂ ನೂರು ದಾಟಲ್ಲ. ಸುಮ್ಮನೆ ಎಲ್ಲರ ಫೋನಿಗೂ ಕಳಿಸಿಬಿಡೋಣ."

"ನೀನು ಫೋನು ಬದಲಾಯಿಸಿದ್ದು ಎಷ್ಟು ಸಲ?"

"ನಾಲ್ಕು."

"ಐದು. ನೀರಿನ ಬಕೆಟ್ಟಿಗೆ ಬಿದ್ದದ್ದನ್ನ ನೀನು ಲೆಕ್ಕದಿಂದ ಬಿಟ್ಟೆ. ನಿಮ್ಮ ಮಾವನ್ನ ಬಕೆಟ್ಟಿಗೆ ಹಾಕೋದು ಬೇಡ."

ಅಷ್ಟರಲ್ಲಿ ಎರಡು ಬೀದಿ ಆಚೆಯಿಂದ ನಾದಿನಿ ಬಂದಳು. ಯಜಮಾನರ ಒಬ್ಬಳೇ ತಂಗಿ. ಅವಳದು ಬೇರೆಯೇ ಹಟ: ಡಿಸ್ಕಿನ ಮೇಲೆ ಅಣ್ಣನ ಫೋಟೋ ಇರಲೇಬೇಕು. "ಮುಖ ಇಲ್ಲದ ಡಿಸ್ಕು ಯಾತಕ್ಕೆ ಅತ್ತಿಗೆ? ತಟ್ಟೆ ಮುಚ್ಚಳದ ಹಾಗಿರುತ್ತೆ."

ಫೋಟೋದ ಮೇಲೆ ಡಿಸ್ಕು ಇಟ್ಟು ತೋರಿಸಿದೆ. ನಡುವಿನ ತೂತು ಸರಿಯಾಗಿ ಮೂಗಿಗೆ ಬಂತು. ಮೇಲಕ್ಕೆ ಸರಿಸಿದರೆ ಹಣೆಗೆ, ಕೆಳಕ್ಕೆ ಸರಿಸಿದರೆ ಬಾಯಿಗೆ. ಪಕ್ಕಕ್ಕೆ ಸರಿಸಿದರೆ ಮುಖವೇ ಅರ್ಧ.

"ಬಾಯಿಗೆ ಬಂದ್ರೆ ಚೆನ್ನಾಗೇ ಇದೆ. ಮಾತಾಡ್ತಾ ಇರೋ ಹಾಗೆ ಕಾಣುತ್ತೆ" ಅಂದಳು ನಾದಿನಿ.

"ಅಳಿದ ಮೇಲೆ ಅವರ ಮುಖಕ್ಕೆ ತೂತು ಹೊಡೆಸೋದು ನನ್ನ ಕೈಲಾಗಲ್ಲಮ್ಮ."

ಇನ್ನು ಮೇಲಿನ ಅಕ್ಷರ ಹಾಕುವ ಬಗೆ. ಅದನ್ನು ನಾನೇ ಅಂಗಡಿಯಲ್ಲಿ ಕೂತು ತೀರ್ಮಾನ ಮಾಡಿದೆ. ಕಾಗದ ಅಂಟಿಸುವುದು ಬೇಡ, ಒಂದು ಕೂದಲೆಳೆ ಸೊಟ್ಟ ಅಂಟಿದರೂ ತಿರುಗುವಾಗ ಡಿಸ್ಕು ಅದುರುತ್ತದಂತೆ. ಶಾಯಿ ಸಿಂಪಡಿಸಿ ಅಚ್ಚು ಹಾಕುವ ಇನ್ನೊಂದನ್ನು ತೋರಿಸಿದರು. ಒದ್ದೆ ಬೆರಳಲ್ಲಿ ಉಜ್ಜಿ ನೋಡಿದೆ, ಬಣ್ಣ ಬೆರಳಿಗೆ ಬಂತು. (ಅಂಗಡಿಯವರ ಮುಖದ ಬಣ್ಣವೂ ಸ್ವಲ್ಪ ಹೋಯಿತು. ಅದು ಬೇರೆ ಯಾರದೋ ಮದುವೆಯ ಡಿಸ್ಕಂತೆ.) ಕೊನೆಗೆ ಸ್ಕ್ರೀನ್ ಪ್ರಿಂಟು ಅಂತ ಗಟ್ಟಿಮಾಡಿದೆ. ಒಂದೇ ಬಣ್ಣ, ಗಾಢ ಹಸಿರು. ಮೇಲೆ ಒಂದೇ ಸಾಲು: "ನಮ್ಮ ಯಜಮಾನರು ಹೇಳಿದ ಮಾತುಗಳು". ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ.

ಒತ್ತುವ ಮುಂಚೆ ಮಾದರಿ ಬಂತು. "ಮೊದಲಿಂದ ಕೊನೇವರೆಗೂ ಕೇಳಿ, ಆಮೇಲೆ ಈ ಕಾಗದಕ್ಕೆ ಸಹಿ ಹಾಕಿ" ಅಂತ ಅಂಗಡಿಯವರು ಎರಡು ಸಲ ಹೇಳಿದರು. ಪ್ರೆಸ್ಸಿನಲ್ಲಿ ಕರಡು ಹೇಗೆ ನೋಡುತ್ತಾರೆಂದು ನನಗೆ ಹೇಳಿಕೊಡಬೇಕೆ? ಕಿಟಕಿಯ ಬೆಳಕಿನಲ್ಲಿ ಕೂತೆ. ದಾರ ಹಿಡಿದು ಅಳೆದರೆ ಸಾಲು ತೂತಿನಿಂದ ಎರಡು ನೂಲು ಎಡಕ್ಕೆ ಸರಿದಿತ್ತು. ವಾಪಸ್ಸು ಕಳಿಸಿದೆ. ಮತ್ತೆ ಬಂತು, ಹಸಿರು ಕಪ್ಪಿಗೆ ತಿರುಗಿತ್ತು. ವಾಪಸ್ಸು. ಮೂರನೆಯದು ಬಂದಾಗ ಭೂತಗನ್ನಡಿ ಹಿಡಿದು ಅಕ್ಷರ ಅಕ್ಷರವಾಗಿ ನೋಡಿದೆ. ಒತ್ತು, ದೀರ್ಘ, ಸೊನ್ನೆ, ಎಲ್ಲ ಸರಿ.

"ಅತ್ತೆ, ಒಂದ್ಸಲ ಹಾಕಿ ಕೇಳೋಣ" ಅಂದಳು ಸೊಸೆ.

"ಬೇಡ. ಎಲ್ಲರೂ ಸೇರಿದಾಗ ಒಟ್ಟಿಗೆ ಕೇಳೋಣ. ಅವತ್ತು ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಅದರಲ್ಲಿ ಏನಿದೆ ಅಂತ ಒಂದು ಮಾತೂ ಬಿಡದ ಹಾಗೆ ಹೇಳ್ತೀನಿ, ಬೇಕಾದ್ರೆ ಕೇಳು."

ನಿಜ ಹೇಳಬೇಕೆಂದರೆ, ಒಬ್ಬಳೇ ಕೇಳಲು ನನಗೆ ಧೈರ್ಯವಿರಲಿಲ್ಲ. ಸಹಿ ಹಾಕಿಬಿಟ್ಟೆ. ಆ ಸಹಿಗೇ ನನಗೆ ಕಾಲು ಗಂಟೆ ಹಿಡಿಯಿತು.

ಐನೂರು ಡಿಸ್ಕು ಹತ್ತು ಪೆಟ್ಟಿಗೆಯಲ್ಲಿ ಬಂದು ನಡುಮನೆಯಲ್ಲಿ ಕೂತವು. ಅದರ ಮುಂದಿನ ಭಾನುವಾರ ನೆಂಟರನ್ನೆಲ್ಲ ಕರೆದೆ. ಕುರ್ಚಿ ಸಾಲದೆ ಕೆಲವರು ಆ ಪೆಟ್ಟಿಗೆಗಳ ಮೇಲೇ ಕೂತರು. ಸೊಸೆ ಡಿಸ್ಕು ಹಾಕಿದಳು. ನಾನು ಸೆರಗಿನ ತುದಿ ಬಿಗಿಹಿಡಿದು ಕೂತೆ.

"ನಾನು ಕೆಲಸಕ್ಕೆ ಸೇರಿದ್ದು ಒಂದು ಸೋಮವಾರ..."

ಅವರದೇ! ಸ್ವಲ್ಪ ಒಡೆದ, ಮೂಗಿನೊಳಗಿಂದ ಬರುವ ಅದೇ ದನಿ.

"ಸೋಮವಾರ ಅಲ್ಲ ರೀ, ಗುರುವಾರ. ಸೋಮವಾರ ನೀವು ಕೆಲಸ ಕೇಳೋಕೆ ಹೋಗಿದ್ದು."

"ಹೂಂ. ಆಗ ನನಗೆ ಇಪ್ಪತ್ತು ವರ್ಷ..."

"ಹತ್ತೊಂಬತ್ತು."

"ಹೂಂ. ಮೆಷಿನ್ನು ಬಲಗಡೆಗಿತ್ತು..."

"ಬಾಗಿಲಿಂದ ನೋಡಿದ್ರೆ ಎಡಗಡೆ. ನೀವು ತಡೀರಿ, ನಾನೇ ಹೇಳ್ತೀನಿ. ಯಂತ್ರದೊಳಗೆ ತಪ್ಪು ಕೂತ್ಕೊಂಡ್ರೆ ಆಮೇಲೆ ತೆಗೆಯೋಕಾಗಲ್ಲ."

ಅಲ್ಲಿಂದ ಮುಂದೆ ಡಿಸ್ಕಿನ ತುಂಬ ನಾನೇ. ಅವರು ಹುಟ್ಟಿದ್ದನ್ನು ಹೇಳಿದ್ದು ನಾನು, ಕೆಲಸ ಕಲಿತದ್ದನ್ನು ಹೇಳಿದ್ದು ನಾನು, ಮೆಷಿನ್ನಿಗೆ ಬೆರಳು ಕೊಟ್ಟು ಆಸ್ಪತ್ರೆ ಸೇರಿದ್ದನ್ನು ಹೇಳಿದ್ದೂ ನಾನು. ಅಂಗಡಿಯವರು ಹೇಳಿದ್ದು ಸತ್ಯ, ದನಿ ಬಹಳ ಗಟ್ಟಿಯಾಗಿತ್ತು.

ಹತ್ತು ನಿಮಿಷವಾಯಿತು. ನಾದಿನಿ ಪೆಟ್ಟಿಗೆಯಿಂದ ಇನ್ನೊಂದು ಡಿಸ್ಕು ತೆಗೆದು ಅದರ ಹಸಿರು ಸಾಲು ಜೋರಾಗಿ ಓದಿದಳು: "ನಮ್ಮ ಯಜಮಾನರು ಹೇಳಿದ ಮಾತುಗಳು. ಎಲ್ಲಿ ಅತ್ತಿಗೆ?"

"ಬರುತ್ತೆ, ಇರು" ಅಂದೆ. ಬರುವುದಿಲ್ಲ ಅಂತ ಅಷ್ಟರಲ್ಲಿ ನನಗೇ ಗೊತ್ತಾಗಿತ್ತು. ಅವರು ಹೇಳಿದರು ಅಂತ ಮೂರು ವರ್ಷ ನಾನು ಜೋಪಾನ ಮಾಡಿಕೊಂಡಿದ್ದು ನನ್ನದೇ ಮಾತು. ಸೊಸೆ ಸೂರು ನೋಡುತ್ತಿದ್ದಳು, ಅವಳ ಭುಜ ಮಾತ್ರ ಕುಣಿಯುತ್ತಿತ್ತು. ಆರಿಸಿಬಿಡೋಣ ಅಂತ ಎದ್ದೆ.

ನಾದಿನಿ ನನ್ನ ಕೈ ಹಿಡಿದು ಕೂರಿಸಿದಳು. ಅವಳ ಕಣ್ಣು ತುಂಬಿತ್ತು. "ಮುಟ್ಟಬೇಡಿ ಅತ್ತಿಗೆ. ಇದೇ ನಮ್ಮಣ್ಣ. ಅಣ್ಣನ ಮನೆಗೆ ಬಂದು ಕೂತ ಹಾಗೇ ಇದೆ. ನೀವು ಹೇಳೋದು, ಅವನು ಹೂಂ ಅನ್ನೋದು."

ಕೂತೆ. ನನ್ನ ಮಾತು ಬಿಟ್ಟು ಅವರ ಹೂಂ ಮಾತ್ರ ಕೇಳತೊಡಗಿದೆ. ಎಣಿಸಿದೆ ಕೂಡ, ನಲವತ್ತೊಂದು. ಒಂದರ ಹಾಗೆ ಇನ್ನೊಂದಿಲ್ಲ. ಒಂದು ಹೂಂ ಒಪ್ಪಿಕೊಂಡದ್ದು. ಒಂದು ಒಪ್ಪದೆ ಬಿಟ್ಟುಕೊಟ್ಟದ್ದು. ಮಗ ಹುಟ್ಟಿದ ದಿನದ ಮಾತು ಬಂದಾಗ ಅಂದ ಹೂಂ ಇತ್ತಲ್ಲ, ಅದು ನಗುತ್ತಿತ್ತು. ಅವತ್ತು ಪಕ್ಕದಲ್ಲೇ ಕೂತಿದ್ದ ನನಗೆ ಇವು ಯಾವುವೂ ಕೇಳಿಸಿರಲಿಲ್ಲ, ನಾನು ಮಾತಾಡುತ್ತಿದ್ದೆನಲ್ಲ.

ಐವತ್ತೊಂದನೇ ನಿಮಿಷಕ್ಕೆ ಡಿಸ್ಕಿನ ಒಳಗಿನ ನಾನು ಕೇಳಿದೆ: "ಒಟ್ಟಿನಲ್ಲಿ ನಾವಿಬ್ಬರೂ ಚೆನ್ನಾಗೇ ಬಾಳಿದ್ವಿ. ಹೌದು ತಾನೇ?"

ಸಣ್ಣಗೆ ಒಂದು ಗೊರಕೆ.

"ರೀ, ಕೇಳಿಸ್ತಾ? ಹೌದು ತಾನೇ?"

ಮನೆಯೆಲ್ಲ ಮುಂದಕ್ಕೆ ಬಾಗಿ ಕಾಯುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಹೂಂ" ಅಂದೆ.

"ಶ್! ಸುಮ್ಮನಿರಿ" ಅಂದಳು ನಾದಿನಿ. "ಡಿಸ್ಕಿನಲ್ಲಿ ಅತ್ತಿಗೆ ಇನ್ನೂ ಏನೋ ಹೇಳ್ತಿದಾರೆ."